ಕಾಫಿ ಯಂತ್ರದ ಬಟ್ಟಲಿಗೆ ತಕ್ಕ ಗಿರಣಿ

ಒಕ್ಕಲುತನದ ಪುಟದಲ್ಲಿ ಕಾಫಿ ಯಂತ್ರದ ಮಾತೇಕೆ ಎಂದು ವಾಚಕ ಬಂಧುಗಳು ಕೇಳಬಹುದು. ನಮ್ಮ ಜತ್ತ ತಾಲೂಕಿನಲ್ಲಿ ಕಾಫಿ ಗಿಡ ಬೆಳೆಯುವದಿಲ್ಲ. ಅದು ಬೆಳೆಯುವಷ್ಟು ಮಳೆಯೂ ಇಲ್ಲ. ಜೋಳ, ಸಜ್ಜೆ, ನೀರಿದ್ದಲ್ಲಿ ದ್ರಾಕ್ಷಿ, ದಾಳಿಂಬೆ, ಇಷ್ಟೇ ನಮ್ಮ ಸಂಸಾರ. ಆದರೆ ಹೊಲವೊಂದರಿಂದಲೇ ಒಲೆ ಉರಿಯುವ ಕಾಲ ಹೋಯಿತು. ಒಬ್ಬ ಮಗ ಹೊಲ ನೋಡಿಕೊಂಡರೆ ಇನ್ನೊಬ್ಬನು ಪುಣೆಯಲ್ಲೋ ಬೆಂಗಳೂರಿನಲ್ಲೋ ಹೋಟೆಲಿನ ಕೆಲಸ ಕಲಿತು ಬರುತ್ತಾನೆ. ಬಂದವನು ಗುಹಾಗರ–ವಿಜಾಪುರ ಹೆದ್ದಾರಿಯ ಬದಿಗೆ ಅಂಗಡಿ ಇಡುತ್ತೇನೆ, ಚಹಾದ ಅಂಗಡಿಗಳು ಹೆಜ್ಜೆಗೊಂದು ಇವೆ, ನಾನು ಯಂತ್ರದ ಕಾಫಿ ಮಾಡುತ್ತೇನೆ ಎನ್ನುತ್ತಾನೆ. ತಂದೆಯು ದಾಳಿಂಬೆಯ ದುಡ್ಡು ತೆಗೆಯುತ್ತಾನೆ, ಇಲ್ಲವೆ ಹಿಂಡುವ ಎಮ್ಮೆಯನ್ನು ಸಂತೆಗೆ ಹೊಡೆಯುತ್ತಾನೆ. ಆ ದುಡ್ಡನ್ನು ಎಲ್ಲಿ ಹಾಕಿದರೆ ನಿಲ್ಲುವದು, ಎಲ್ಲಿ ಹಾಕಿದರೆ ಹರಿದುಹೋಗುವದು ಎಂಬುದನ್ನು ಮೊದಲೇ ತಿಳಿದಿರಬೇಕು. ಅದಕ್ಕಾಗಿ ಈ ಪಾಠ.

ಯಂತ್ರ ಕೊಳ್ಳಲು ಹೋದವರು ಅದರ ಹೊಳಪನ್ನು ನೋಡುತ್ತಾರೆ, ಉಗಿ ಬಿಡುವ ನಳಿಗೆಯನ್ನು ತಿರುವಿ ನೋಡುತ್ತಾರೆ, ಬೆಲೆಗೆ ಚೌಕಾಶಿ ಮಾಡುತ್ತಾರೆ. ಬೀಜವನ್ನು ಬೀಸುವ ಗಿರಣಿಯನ್ನು ಮಾತ್ರ ಕಟ್ಟಕಡೆಗೆ, ಉಳಿದ ಚಿಲ್ಲರೆಯಲ್ಲಿ ಕೊಳ್ಳುತ್ತಾರೆ. ನನಗೆ ಪರಿಚಯದ ತರುಣನೊಬ್ಬನು ಹೀಗೆಯೇ ಮಾಡಿದನು. ಯಂತ್ರ ಒಳ್ಳೆಯದು, ಬೀಸುವದಕ್ಕೆ ಮನೆಯ ಮಿಕ್ಸರು. ಕಾಫಿಯು ಎಂಟು ಸೆಕೆಂಡಿನಲ್ಲಿ ದಬದಬ ಸುರಿದು ಹುಳಿಯಾಗಿ ನೀರುನೀರಾಗಿ ಬರುತ್ತಿತ್ತು. ಬಟ್ಟಲು ಸರಿಯಿಲ್ಲವೆಂದು ಯಾರೋ ಹೇಳಿದರು. ಹೆಚ್ಚಿನ ಬೆಲೆಯ ಹೊಸ ಬಟ್ಟಲು ತರಿಸಿದನು. ಆಗ ಎಂಟು ಸೆಕೆಂಡಿಗೆ ಬರುತ್ತಿದ್ದ ಕಾಫಿ ಆರಕ್ಕೇ ಬರತೊಡಗಿತು! ಹೀಗೇಕಾಯಿತೆಂಬುದು ತಿಳಿದರೆ ಈ ವಿಷಯದ ಮುಕ್ಕಾಲು ಪಾಲು ತಿಳಿದಂತೆ.

ಮೊದಲು ಯಂತ್ರದ ಪರಿಚಯ. ಇದಕ್ಕೆ ಎಸ್ಪ್ರೆಸೊ ಯಂತ್ರವೆನ್ನುತ್ತಾರೆ. ಹುಟ್ಟಿದ್ದು ಇಟಲಿಯಲ್ಲಿ. ಟ್ಯೂರಿನ್ ಪಟ್ಟಣದ ಏಂಜೆಲೊ ಮೊರಿಯೊಂಡೊ ಎಂಬವನು ೧೮೮೪ರಲ್ಲಿ ಉಗಿಯ ಬಲದಿಂದ ಕಾಫಿ ಇಳಿಸುವ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ೧೯೦೧ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಒಬ್ಬೊಬ್ಬ ಗಿರಾಕಿಗೆ ಬೇರೆಬೇರೆ ಕಪ್ಪು ಇಳಿಸುವ, ಹಿಡಿಕೆಯುಳ್ಳ ಬಟ್ಟಲಿನ ಏರ್ಪಾಡು ತಂದನು. ಆ ಕಾಲದ ಯಂತ್ರಗಳಲ್ಲಿ ಉಗಿಯ ನೂಕು ಅಷ್ಟಕ್ಕಷ್ಟೇ. ಎರಡನೆಯ ಮಹಾಯುದ್ಧವಾದ ಮೇಲೆ ಅಕಿಲ್ಲೆ ಗಾಜ್ಜಿಯಾ ಎಂಬವನ ಸನ್ನೆಗೋಲಿನ ಯಂತ್ರ ಬಂದು ಒತ್ತಡ ಬಹಳ ಹೆಚ್ಚಿತು. ೧೯೬೧ರಲ್ಲಿ ಫೇಮಾ ಕಂಪನಿಯ ಯಂತ್ರದಲ್ಲಿ ಸನ್ನೆಗೋಲು ಹೋಗಿ ವಿದ್ಯುತ್ ಪಂಪು ಬಂತು. ಇಂದಿನ ಯಂತ್ರಗಳಲ್ಲಿ ನೀರಿನ ಒತ್ತಡ ಸುಮಾರು ೯ ಬಾರ್. ಕೊಳವೆಬಾವಿಯ ಲೆಕ್ಕದಲ್ಲಿ ಹೇಳುವದಾದರೆ, ಸುಮಾರು ೩೦೦ ಅಡಿ ಎತ್ತರಕ್ಕೆ ನೀರು ದಬ್ಬಲು ಎಷ್ಟು ನೂಕು ಬೇಕೋ ಅಷ್ಟು ನೂಕು ಒಂದು ಹಿಡಿ ಕಾಫಿ ಪುಡಿಯ ಮೇಲೆ ಬೀಳುತ್ತದೆ.

ಆ ಪುಡಿ ಕುಳಿತಿರುವದು ಉಕ್ಕಿನ ಒಂದು ಚಿಕ್ಕ ಬಟ್ಟಲಿನಲ್ಲಿ. ವ್ಯಾಪಾರಿಗಳು ಇದನ್ನೇ ಫಿಲ್ಟರ್ ಬಾಸ್ಕೆಟ್ ಎನ್ನುವರು. ತಳದಲ್ಲಿ ನೂರಾರು ಸಣ್ಣ ತೂತುಗಳಿವೆ, ಒಂದೊಂದೂ ಸುಮಾರು ೦.೩ ಮಿಲಿಮೀಟರು. ಎಸ್ಪ್ರೆಸೊಕ್ಕಾಗಿ ಬೀಸಿದ ಪುಡಿಯ ಕಣಗಳೂ ಹೆಚ್ಚಾಗಿ ೦.೨ರಿಂದ ೦.೪ ಮಿಲಿಮೀಟರಿನವು. ಅಂದರೆ ಎಷ್ಟೋ ಕಣಗಳು ತೂತಿಗಿಂತ ಚಿಕ್ಕವು. ಆದರೂ ಅವು ಕೆಳಗೆ ಸುರಿದುಹೋಗುವದಿಲ್ಲ. ಬಾಗಿಲ ಮೇಲಿನ ಕಲ್ಲಿನ ಕಮಾನಿನ ಹಾಗೆ ಒಂದಕ್ಕೊಂದು ಆತುಕೊಂಡು ತೂತಿನ ಮೇಲೆ ನಿಲ್ಲುತ್ತವೆ. ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹಿಡಿಯಿರಿ: ನೀರನ್ನು ತಡೆಯುವದು ಬಟ್ಟಲಲ್ಲ, ಪುಡಿ. ಬಟ್ಟಲು ಪುಡಿಯನ್ನು ಹೊತ್ತುಕೊಂಡಿರುತ್ತದೆ, ಅಷ್ಟೆ.

ಇದನ್ನು ಶಾಲೆಯ ಮಕ್ಕಳಿಗೂ ತೋರಿಸಬಹುದು. ಎರಡು ಖಾಲಿ ಡಬ್ಬಿ ತೆಗೆದುಕೊಂಡು ಎರಡರ ತಳಕ್ಕೂ ಒಂದೇ ಮೊಳೆಯಿಂದ ಹತ್ತು ಹತ್ತು ತೂತು ಹೊಡೆಯಿರಿ. ತಳದಲ್ಲಿ ತೆಳುವಾದ ಅರಿವೆಯ ತುಂಡು ಹಾಸಿರಿ. ಒಂದರಲ್ಲಿ ಹಳ್ಳದ ದಪ್ಪ ಉಸುಕು, ಇನ್ನೊಂದರಲ್ಲಿ ಒಣಗಿಸಿ ಕುಟ್ಟಿ ಸಾಣಿಗೆ ಹಿಡಿದ ಎರೆಮಣ್ಣು ತುಂಬಿ, ಎರಡಕ್ಕೂ ಒಂದೊಂದು ತಂಬಿಗೆ ನೀರು ಹಾಕಿರಿ. ಉಸುಕಿನ ನೀರು ಸುರಿದುಹೋಗುವದು. ಎರೆಯ ನೀರು ಮೇಲೆಯೇ ನಿಂತುಬಿಡುವದು. ತೂತು ಎರಡಕ್ಕೂ ಒಂದೇ. ಈಗ ಮೂರನೆಯ ಡಬ್ಬಿಗೆ ಹೆಂಟೆ, ಹರಳು, ಧೂಳು ಎಲ್ಲ ಕಲಸಿ ಹಾಕಿ ನೀರು ಬಿಡಿರಿ. ನೀರು ಎಲ್ಲಿ ಸಡಿಲಿದೆಯೋ ಅಲ್ಲಿ ಕೊರಕಲು ಮಾಡಿಕೊಂಡು ಒಂದೇ ಕಡೆಯಿಂದ ಓಡುವದು. ಉಳಿದ ಮಣ್ಣು ಒಣಗಿಯೇ ಇರುವದು. ಮಟ್ಟ ಮಾಡದ ಮಡಿಗೆ ನೀರು ಬಿಟ್ಟಾಗ ಒಂದು ಮೂಲೆಯಲ್ಲಿ ಒಡ್ಡು ಕಿತ್ತುಕೊಂಡು ಹೋಗುವದನ್ನು ಕಾಣದ ಒಕ್ಕಲಿಗನಿಲ್ಲ. ಕಾಫಿಯ ಬಟ್ಟಲೂ ಅಂಗೈಯಗಲದ ಒಂದು ಮಡಿಯೇ. ನೀರು ಓಡಿದ ಕಡೆಯ ಪುಡಿ ಬೆಂದು ಕಹಿಯಾಗುತ್ತದೆ, ನೀರು ಮುಟ್ಟದ ಕಡೆಯ ಪುಡಿಯ ಸಾರ ಇಳಿಯುವದೇ ಇಲ್ಲ. ಹೀಗೆ ಒಂದೇ ಕಪ್ಪಿನಲ್ಲಿ ಹುಳಿಯೂ ಕಹಿಯೂ ಕೂಡಿ ಬರುವದು.

ನಮ್ಮ ತರುಣನ ಮಿಕ್ಸರಿನ ಪುಡಿ ಈ ಮೂರನೆಯ ಡಬ್ಬಿಯ ಜಾತಿಯದು. ಮಿಕ್ಸರಿನ ಅಲಗು ಬೀಜವನ್ನು ಬೀಸುವದಿಲ್ಲ, ಹೊಡೆದು ಒಡೆಯುತ್ತದೆ. ಅಲಗಿಗೆ ಹೆಚ್ಚು ಸಲ ಸಿಕ್ಕಿದ್ದು ಧೂಳಾಗುವದು, ಕಡಿಮೆ ಸಿಕ್ಕಿದ್ದು ನುಚ್ಚಾಗಿಯೇ ಉಳಿಯುವದು. ಹೆಚ್ಚು ಹೊತ್ತು ತಿರುವಿದರೆ ಧೂಳು ಬೆಳೆದು ಪುಡಿ ಕಾಯುತ್ತದೆ. ನುಚ್ಚಂತೂ ಪೂರ್ತಿ ಹೋಗುವದಿಲ್ಲ. ಹೊಸ ಬಟ್ಟಲಿನ ತೂತುಗಳು ಹೆಚ್ಚು ಒಂದೇ ಅಳತೆಯವು, ಅಂಚಿನವರೆಗೂ ಹರಡಿದವು. ನೀರಿಗೆ ಹಾದಿ ಇನ್ನೂ ಸರಾಗವಾಯಿತು. ಪುಡಿಯೇ ತಡೆಯದಿದ್ದಾಗ ತಡೆಯುವವರು ಯಾರು?

ಹಾಗಾದರೆ ಎಂಥ ಗಿರಣಿ ಬೇಕು? ನಮ್ಮ ಅವ್ವಂದಿರ ಬೀಸುವ ಕಲ್ಲನ್ನು ನೆನೆಯಿರಿ. ಎರಡು ಕಲ್ಲುಗಳ ನಡುವಿನ ಸಂದು ಎಷ್ಟೋ ಅಷ್ಟೇ ದಪ್ಪದ ಹಿಟ್ಟು ಹೊರಗೆ ಬರುವದು. ಅದಕ್ಕೂ ದಪ್ಪನ್ನದು ಸಣ್ಣಾಗುವ ತನಕ ಒಳಗೇ ಸುತ್ತುವದು. ಕಾಫಿಯ ಒಳ್ಳೆಯ ಗಿರಣಿಯಲ್ಲಿಯೂ ಇದೇ ತತ್ವ. ಕಲ್ಲಿನ ಬದಲು ಹಲ್ಲು ಕೊರೆದ ಎರಡು ಉಕ್ಕಿನ ಬಿಲ್ಲೆಗಳು, ಇಲ್ಲವೆ ಬುಗುರಿಯಂಥ ಒಂದು ತಿರುಳು ಮತ್ತು ಅದನ್ನು ಸುತ್ತಿದ ಒಂದು ಬಳೆ. ಚಪ್ಪಟೆ ಬಿಲ್ಲೆ ಮೇಲೋ ಬುಗುರಿ ಮೇಲೋ ಎಂದು ಪಟ್ಟಣದ ಕಾಫಿ ಪ್ರಿಯರು ವಾದಿಸುತ್ತಾರೆ. ಹೆದ್ದಾರಿಯ ಅಂಗಡಿಯವನಿಗೆ ಆ ವಾದದ ಗೊಡವೆ ಬೇಡ. ಅವನು ನೋಡಬೇಕಾದದ್ದು ಸಂದನ್ನು ಹೊಂದಿಸುವ ತಿರುಪು. ಕೆಲವು ಗಿರಣಿಗಳಲ್ಲಿ ಅದು ಟಕ್ ಟಕ್ ಎಂದು ಮೆಟ್ಟಿಲಿನ ಹಾಗೆ ತಿರುಗುತ್ತದೆ. ಎರಡು ಮೆಟ್ಟಿಲ ನಡುವೆ ನಿಲ್ಲಿಸಲು ಬರುವದಿಲ್ಲ. ಬೇರೆ ಕೆಲವುಗಳಲ್ಲಿ ಮೆಟ್ಟಿಲಿಲ್ಲದೆ, ಬೇಕಾದಲ್ಲಿ ಕೂದಲೆಳೆಯಷ್ಟು ಸರಿಸಿ ನಿಲ್ಲಿಸಬಹುದು. ಎಸ್ಪ್ರೆಸೊದಲ್ಲಿ ಆ ಕೂದಲೆಳೆಗೇ ಬೆಲೆ. ದೊಡ್ಡ ಮೆಟ್ಟಿಲಿನ ಗಿರಣಿಯಲ್ಲಿ ಒಂದು ಮೆಟ್ಟಿಲಿಗೆ ಕಾಫಿ ಹದಿನೈದು ಸೆಕೆಂಡಿಗೆ ಸುರಿದರೆ ಮುಂದಿನ ಮೆಟ್ಟಿಲಿಗೆ ಯಂತ್ರವೇ ಬಿಗಿದು ತೊಟ್ಟು ತೊಟ್ಟಾಗಿ ಬೀಳಬಹುದು. ನಡುವಿನ ಹದ ಸಿಗುವದೇ ಇಲ್ಲ.

(ಬೀಜವನ್ನು ಊರ ಹಿಟ್ಟಿನ ಗಿರಣಿಗೆ ಒಯ್ದರಾಗದೇ ಎಂದು ಒಬ್ಬರು ಕೇಳಿದ್ದರು. ಆಗದು. ಹುರಿದ ಬೀಜದಲ್ಲಿ ಎಣ್ಣೆಯುಂಟು, ಕಲ್ಲಿಗೆ ಹತ್ತಿಕೊಳ್ಳುವದು. ನಿಮ್ಮ ಹಿಂದೆ ಜೋಳ ಬೀಸಲು ನಿಂತವರ ಮನೆಯ ರೊಟ್ಟಿಯೆಲ್ಲ ಕಾಫಿ ನಾರುವದು.)

ಇನ್ನು ಬಟ್ಟಲುಗಳು. ಇವುಗಳಲ್ಲಿ ಎರಡು ಕುಲಗಳಿವೆ, ಹೊರಗಿನಿಂದ ನೋಡಿದರೆ ಕೂಡಲೆ ಗೊತ್ತಾಗುವದು. ಬಟ್ಟಲನ್ನು ಬೋರಲು ಹಾಕಿ ತಳ ನೋಡಿರಿ. ತಳದ ತುಂಬ ತೂತುಗಳು ಕಂಡರೆ ಅದು ಒಂದೇ ಗೋಡೆಯ ಬಟ್ಟಲು. ಒಳಗೆ ನೂರಾರು ತೂತಿದ್ದು ಹೊರತಳದಲ್ಲಿ ಸೂಜಿಯ ಮೊನೆಯಷ್ಟು ಒಂದೇ ತೂತು ಇದ್ದರೆ ಅದು ಎರಡು ಗೋಡೆಯ ಬಟ್ಟಲು. ಈ ಎರಡನೆಯದರಲ್ಲಿ ಪುಡಿ ಹೇಗೇ ಇರಲಿ, ಕೊನೆಯ ಆ ಒಂದೇ ತೂತು ನೀರನ್ನು ತಡೆದು ಹಿಡಿಯುವದು. ಅಲ್ಲಿಂದ ಚಿಮ್ಮುವ ರಭಸಕ್ಕೆ ಮೇಲೆ ನೊರೆಯೂ ಬರುವದು. ಈಗ ತಾನೆ ಹೇಳಿದ ‘ತಡೆಯುವದು ಪುಡಿ’ ಎಂಬ ನಿಯಮಕ್ಕೆ ಇದೊಂದೇ ಅಪವಾದ. ತಿಳಿದವರು ಇದನ್ನು ಕೀಳೆಂದು ನಗುತ್ತಾರೆ. ನಾನು ನಗುವದಿಲ್ಲ. ಪೇಟೆಯಲ್ಲಿ ಬೀಸಿಟ್ಟ ಪುಡಿಯನ್ನು ತರುವವನಿಗೂ, ಮಿಕ್ಸರು ಬಿಟ್ಟರೆ ಗತಿಯಿಲ್ಲದವನಿಗೂ ಈ ಬಟ್ಟಲೇ ಸರಿ. ಒಳ್ಳೆಯ ಕಾಫಿ ಆಗದಿದ್ದರೂ ಮಾರುವಂಥ ಕಾಫಿ ಆಗುವದು, ದಿನಾಲು ಒಂದೇ ರೀತಿ ಆಗುವದು. ಅದನ್ನು ಕಿತ್ತೆಸೆದು, ಗಿರಣಿಯಿಲ್ಲದೆ ಒಂದೇ ಗೋಡೆಯ ಬಟ್ಟಲು ಹಾಕಿದವನಿಗೆ ಎರಡೂ ಇಲ್ಲ.

ಮೆಟ್ಟಿಲಿನ ತಿರುಪುಳ್ಳ ಸಾದಾ ಗಿರಣಿ ಇದ್ದವರು ಒಂದೇ ಗೋಡೆಯ ಸಾಮಾನ್ಯ ಬಟ್ಟಲನ್ನು, ಅಂದರೆ ಯಂತ್ರದೊಂದಿಗೆ ಬಂದದ್ದನ್ನು, ಉಪಯೋಗಿಸಬಹುದು. ಎರಡು ಮೆಟ್ಟಿಲ ನಡುವಿನ ಹದ ಬೇಕಾದಾಗ ಒಂದು ಉಪಾಯವುಂಟು: ಸಣ್ಣ ಬೀಸಿನ ಮೆಟ್ಟಿಲಿನಲ್ಲಿ ಕಾಫಿ ಬಹಳ ತಡವಾದರೆ ಪುಡಿಯ ತೂಕವನ್ನು ಅರ್ಧ ಗ್ರಾಂ ಕಡಿಮೆ ಮಾಡಿರಿ, ದಪ್ಪ ಬೀಸಿನಲ್ಲಿ ಬೇಗ ಬಂದರೆ ಅರ್ಧ ಗ್ರಾಂ ಹೆಚ್ಚಿಸಿರಿ. ಮಡಿಯ ಮಣ್ಣಿನ ದಪ್ಪ ಹೆಚ್ಚಾದಷ್ಟೂ ನೀರು ತಡವಾಗಿ ಇಳಿಯುವದಷ್ಟೆ. ಆದರೆ ಇದಕ್ಕೂ ಒಂದು ಮಿತಿಯುಂಟು. ಬಟ್ಟಲು ತುಂಬಿ ಮೇಲಿನ ಜಾಲರಿಗೆ ಪುಡಿ ತಗಲುವಂತಾಗಬಾರದು. ಪರೀಕ್ಷೆ ಸುಲಭ: ಅದುಮಿದ ಪುಡಿಯ ಮೇಲೆ ತೊಳೆದೊರೆಸಿದ ಒಂದು ನಾಣ್ಯ ಇಟ್ಟು, ಹಿಡಿಕೆಯನ್ನು ಯಂತ್ರಕ್ಕೆ ತೊಡಿಸಿ, ನೀರು ಬಿಡದೆ ಮತ್ತೆ ಬಿಚ್ಚಿ ನೋಡಿರಿ. ನಾಣ್ಯ ಪುಡಿಯೊಳಗೆ ಹೂತಿದ್ದರೆ ಪುಡಿ ಹೆಚ್ಚಾಯಿತು.

ಮೆಟ್ಟಿಲಿಲ್ಲದ, ಸಣ್ಣಗೆ ಸಮನಾಗಿ ಬೀಸುವ ಗಿರಣಿಯಿದ್ದವರಿಗೆ ಮಾತ್ರ ಆ ಹೆಚ್ಚಿನ ಬೆಲೆಯ, ನಿಖರ ತೂತಿನ ಬಟ್ಟಲಿನಿಂದ ಪ್ರಯೋಜನ. ಅದರಲ್ಲಿ ನೀರು ಬೇಗ ಹಾಯುವದರಿಂದ ಪುಡಿಯನ್ನು ಮೊದಲಿಗಿಂತ ಸಣ್ಣಾಗಿ ಬೀಸಬೇಕಾಗುವದು; ಸಣ್ಣಾಗಿ ಬೀಸಿದಷ್ಟೂ ಸಾರ ಹೆಚ್ಚು ಇಳಿಯುವದು. ಹಾಗೆ ಬೀಸಲಾರದ ಗಿರಣಿಗೆ ಈ ಬಟ್ಟಲು ಕಟ್ಟುವದೆಂದರೆ ಎತ್ತಿಲ್ಲದವನು ಕಬ್ಬಿಣದ ನೇಗಿಲು ಕೊಂಡಂತೆ.

ಬಟ್ಟಲಿನ ಅಳತೆಯನ್ನೂ ನೋಡಬೇಕು. ಅಂಗಡಿಯ ಯಂತ್ರಗಳಲ್ಲಿ ಸಾಮಾನ್ಯವಾಗಿ ೫೮ ಮಿಲಿಮೀಟರಿನ ಬಟ್ಟಲು. ಮನೆಬಳಕೆಯ ಯಂತ್ರಗಳಲ್ಲಿ ೫೧, ೫೪ ಹೀಗೆ ಬೇರೆಬೇರೆ. ಒಂದರದು ಇನ್ನೊಂದಕ್ಕೆ ಕೂಡುವದಿಲ್ಲ. ಪುಡಿಯನ್ನು ಅದುಮುವ ಗುಂಡೂ ಬಟ್ಟಲಿನ ಅಗಲಕ್ಕೆ ಸರಿಯಾಗಿರಬೇಕು. ಸಡಿಲಾದರೆ ಅಂಚಿಗೆ ಪುಡಿ ಮೆತ್ತಗೆ ಉಳಿದು ನೀರು ಅಲ್ಲಿಂದಲೇ ಓಡುವದು. ಆಳದಲ್ಲಿ ನೋಡಿದರೆ ಒಂದು ಕಪ್ಪಿನ ಬಟ್ಟಲಿಗೆ ೭ರಿಂದ ೯ ಗ್ರಾಂ, ಎರಡು ಕಪ್ಪಿನದಕ್ಕೆ ೧೪ರಿಂದ ೧೮ ಗ್ರಾಂ ಪುಡಿ ಹಿಡಿಯುವದು. ಒಂದು ಕಪ್ಪಿನದು ಕೆಳಗೆ ಕಿರಿದಾಗುತ್ತ ಹೋಗುವದರಿಂದ ಅದರ ಬೀಸಿನ ಹದವೇ ಬೇರೆ. ಒಂದೇ ಗಿರಣಿ ಇಟ್ಟುಕೊಂಡು ಗಿರಾಕಿ ಬಂದಂತೆ ಎರಡೂ ಬಟ್ಟಲು ಬದಲಿಸುತ್ತ ಹೋದರೆ ತಿರುಪನ್ನು ತಿರುವುವದರಲ್ಲಿಯೇ ದಿನ ಹೋಗುವದು. ನನ್ನ ಅಭಿಪ್ರಾಯದಲ್ಲಿ ಒಂದು ಗಿರಣಿಗೆ ಒಂದೇ ಬಟ್ಟಲು, ಅದೂ ಎರಡು ಕಪ್ಪಿನದು. ಒಬ್ಬನೇ ಗಿರಾಕಿ ಬಂದರೆ ಇನ್ನೊಂದು ಕಪ್ಪನ್ನು ಮಾಡಿದವನೇ ಕುಡಿಯಲಿ. ರುಚಿ ಕೆಟ್ಟದ್ದು ಅವನಿಗೇ ಮೊದಲು ಗೊತ್ತಾಗುವದು.

ಈಗ ಹೊಂದಿಸುವ ಕ್ರಮ. ಇದಕ್ಕೆ ದಶಮಾಂಶ ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಮತ್ತು ಕೈಗಡಿಯಾರ ಇಷ್ಟೇ ಸಾಕು. ಎರಡು ಕಪ್ಪಿನ ಬಟ್ಟಲಿಗೆ ೧೮ ಗ್ರಾಂ ಹಿಡಿಯುವದೆಂದು ಇಟ್ಟುಕೊಳ್ಳಿರಿ. ೧೮ ಗ್ರಾಂ ಬೀಜವನ್ನು ತೂಗಿ ಬೀಸಿ, ಬಟ್ಟಲಿಗೆ ಹಾಕಿ, ಬೆರಳಿನಿಂದ ಮಟ್ಟ ಮಾಡಿ, ನೇರವಾಗಿ ಅದುಮಿರಿ. ಕಪ್ಪನ್ನು ತಕ್ಕಡಿಯ ಮೇಲೆ ಇಟ್ಟು ಪಂಪು ಚಾಲೂ ಮಾಡಿದ ಕ್ಷಣದಿಂದ ಸೆಕೆಂಡು ಎಣಿಸಿರಿ. ೩೬ ಗ್ರಾಂ ಕಾಫಿ ೨೫ರಿಂದ ೩೦ ಸೆಕೆಂಡಿನಲ್ಲಿ ಬಂದರೆ ಬಟ್ಟಲೂ ಗಿರಣಿಯೂ ಕೂಡಿದಂತೆ. ೨೦ ಸೆಕೆಂಡಿನ ಒಳಗೆ ಬಂದರೆ ಬೀಸನ್ನು ಸಣ್ಣ ಮಾಡಿರಿ. ೩೫ ದಾಟಿದರೆ ದಪ್ಪ ಮಾಡಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸತಕ್ಕದ್ದು. ಬೀಸು, ತೂಕ, ಅದುಮುವ ಬಲ ಮೂರನ್ನೂ ಕೂಡಿಯೇ ಬದಲಿಸಿದವನಿಗೆ ಯಾವದರಿಂದ ಏನಾಯಿತೆಂದು ತಿಳಿಯದು. ನಾಲ್ಕು ಗೊಬ್ಬರ ಒಂದೇ ಹೊಲಕ್ಕೆ ಹಾಕಿ ಯಾವದು ಫಲಿಸಿತೆಂದು ಕೇಳಿದಂತಾಗುವದು. ತಿರುಪು ಬದಲಿಸಿದ ಮೇಲೆ ಮೊದಲು ಬರುವ ಒಂದೆರಡು ಚಿಟಿಕೆ ಪುಡಿಯನ್ನು ಚೆಲ್ಲಿರಿ. ಅದು ಗಿರಣಿಯ ಬಾಯಲ್ಲಿ ಉಳಿದಿದ್ದ ಹಳೆಯ ಬೀಸಿನದು.

ಇನ್ನೊಂದು ಪರೀಕ್ಷೆಯುಂಟು. ಇದು ಗಿರಣಿಯ ಪರೀಕ್ಷೆ, ಕೊಳ್ಳುವ ಮೊದಲೇ ಮಾಡತಕ್ಕದ್ದು. ತಿರುಪನ್ನು ಮುಟ್ಟದೆ ಮೂರು ಸಲ ಬೀಸಿ ಮೂರು ಸಲ ಕಾಫಿ ಇಳಿಸಿರಿ. ಮೂರೂ ಸಲ ಎರಡು ಮೂರು ಸೆಕೆಂಡಿನ ಅಂತರದಲ್ಲಿಯೇ ಬಂದರೆ ಗಿರಣಿ ನಂಬಿಗಸ್ತ. ಒಂದು ಸಲ ೧೮, ಒಂದು ಸಲ ೩೩ ಎಂದರೆ ಅದರ ಬಿಲ್ಲೆಗಳು ಓಲಾಡುತ್ತವೆಂದು ತಿಳಿಯಿರಿ. ಚಿಟಿಕೆ ಪುಡಿಯನ್ನು ಬಿಳಿ ಕಾಗದದ ಮೇಲೆ ಹರಡಿ ನೋಡಿದರೂ ನುಚ್ಚು ಇದೆಯೋ ಇಲ್ಲವೋ ಕಣ್ಣಿಗೆ ಕಾಣುವದು. ಕೈಯಿಂದ ತಿರುವುವ ಗಿರಣಿಗಳಲ್ಲಿಯೂ ಬಹಳ ಒಳ್ಳೆಯವಿವೆ, ಬೆಲೆಯೂ ಕಡಿಮೆ. ಮನೆಗೆ ಅವು ಸಾಕು. ಆದರೆ ದಿನಕ್ಕೆ ಐವತ್ತು ಕಪ್ಪು ಮಾರುವವನ ರಟ್ಟೆ ತಾಳದು. ನಮ್ಮ ಕಡೆ ವಿದ್ಯುತ್ತಿನ ಒತ್ತಡ ಏರಿಳಿಯುವದರಿಂದ ಮೋಟಾರಿನ ಗಿರಣಿಗೂ ಯಂತ್ರಕ್ಕೂ ಸ್ಟೆಬಿಲೈಸರು ಇರಲಿ.

ಒಮ್ಮೆ ಹೊಂದಿಸಿದ ಹದ ಶಾಶ್ವತವಲ್ಲ. ಬೀಜದ ಚೀಲ ಬದಲಾದರೆ, ಹುರಿದು ದಿನಗಳಾದಂತೆ, ಬಿಸಿಲು ಹೋಗಿ ಮಳೆಯ ತಂಪು ಬಂದರೆ ಸೆಕೆಂಡುಗಳು ಸರಿಯುವವು. ಮುಂಜಾನೆ ಅಂಗಡಿ ತೆರೆದ ಕೂಡಲೆ ಒಂದು ಸಲ ತೂಗಿ ಎಣಿಸುವ ರೂಢಿ ಇರಬೇಕು. ಬೀಜಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಭಾರತದ ಕಾಫಿಯಲ್ಲಿ ಸುಮಾರು ಶೇಕಡಾ ೭೦ ಕರ್ನಾಟಕದ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳದೇ. ಅದರಲ್ಲಿ ರೋಬಸ್ಟಾ ಜಾತಿಯನ್ನು ಎಸ್ಪ್ರೆಸೊ ಹುಟ್ಟಿದ ಇಟಲಿಯವರೇ ಬಹಳವಾಗಿ ಕೊಳ್ಳುತ್ತಾರೆ, ನೊರೆ ದಟ್ಟವಾಗಿ ಬರುತ್ತದೆಂದು. ಅರೇಬಿಕಾ ಸುವಾಸನೆಗೆ ಮೇಲು. ಹಾಲು ಬೆರೆಸುವ ನಮ್ಮ ಗಿರಾಕಿಗಳಿಗೆ ಎರಡನ್ನೂ ಕೂಡಿಸಿದ್ದು ಒಳ್ಳೆಯದು. ಚಿಕೋರಿ ಬೆರೆತ ಪುಡಿಯನ್ನು ಮಾತ್ರ ಈ ಯಂತ್ರಕ್ಕೆ ಹಾಕಬೇಡಿರಿ; ಅದು ನೀರು ಕುಡಿದು ಅಂಟಾಗಿ ತೂತುಗಳನ್ನು ಕಟ್ಟುವದು.

ಕಟ್ಟುವದಕ್ಕೆ ಇನ್ನೊಂದು ಕಾರಣ ನಮ್ಮ ನೀರು. ಕೊಳವೆಬಾವಿಯ ಗಡಸು ನೀರು ಹಂಡೆಯ ತಳಕ್ಕೆ ಬಿಳಿ ಪರೆ ಕಟ್ಟುವಂತೆ ಯಂತ್ರದ ಒಳಗೂ ಕಟ್ಟುವದು. ಶುದ್ಧೀಕರಿಸಿದ ನೀರನ್ನೇ ಹಾಕಿರಿ. ಬಟ್ಟಲನ್ನು ದಿನಾಲು ಬಿಸಿನೀರಿನಲ್ಲಿ ತೊಳೆದು, ವಾರಕ್ಕೊಮ್ಮೆ ಬೆಳಕಿಗೆ ಹಿಡಿದು ನೋಡಿರಿ. ಚಿಕ್ಕೆಗಳಂತೆ ಎಲ್ಲ ತೂತುಗಳೂ ಕಾಣಬೇಕು. ಮುಚ್ಚಿದ್ದರೆ ನೆನೆಯಿಟ್ಟು ತೆಗೆಯಿರಿ. ಸೂಜಿ ಹಾಕಿ ಚುಚ್ಚಿದರೆ ತೂತು ದೊಡ್ಡದಾಗಿ ಬಟ್ಟಲೇ ಕೆಟ್ಟಿತು.

ಇಷ್ಟು ಬಂಡವಾಳ ಬೇಡವೆನ್ನುವವರಿಗೆ ಮೈಸೂರು ಸೀಮೆಯ ಎರಡಂತಸ್ತಿನ ಫಿಲ್ಟರು ಇದ್ದೇ ಇದೆ. ಅಲ್ಲಿಯೂ ತೂತಿನ ಬಟ್ಟಲು, ಅಲ್ಲಿಯೂ ಬೀಸಿನ ಹದ. ಆದರೆ ನೀರು ತನ್ನ ಭಾರದಿಂದಲೇ ಇಳಿಯಬೇಕಾದ್ದರಿಂದ ಪುಡಿ ಎಸ್ಪ್ರೆಸೊಕ್ಕಿಂತ ದಪ್ಪ, ಸಣ್ಣ ರವೆಯ ಹಾಗೆ ಇರಬೇಕು. ಎಸ್ಪ್ರೆಸೊದ ಪುಡಿಯನ್ನು ಇದಕ್ಕೆ ಹಾಕಿದರೆ ಸಾಯಂಕಾಲದವರೆಗೂ ಡಿಕಾಕ್ಷನ್ ಇಳಿಯದು. ಚಿಕೋರಿ ಇದಕ್ಕೆ ನಡೆಯುವದು. ಮಿಶ್ರಣದಲ್ಲಿ ಕಾಫಿ ಶೇಕಡಾ ೫೧ಕ್ಕಿಂತ ಕಡಿಮೆ ಇರಬಾರದೆಂದು ಕಾಯಿದೆಯುಂಟು. ಪೊಟ್ಟಣದ ಮೇಲೆ ಪ್ರಮಾಣ ಬರೆದಿರುವದನ್ನು ಓದಿ ಕೊಳ್ಳಿರಿ.

ಯಂತ್ರವೇ ಬೇಕೆನ್ನುವ ತರುಣನು ಸಾಧ್ಯವಿದ್ದರೆ ಬೆಂಗಳೂರಿನಲ್ಲಿ ಕಾಫಿ ಮಂಡಳಿಯು ‘ಕಾಪಿ ಶಾಸ್ತ್ರ’ ಎಂಬ ಹೆಸರಿನಿಂದ ನಡೆಸುತ್ತ ಬಂದಿರುವ ತರಬೇತಿಯನ್ನು ವಿಚಾರಿಸಲಿ. ಕೈಯಲ್ಲಿರುವ ದುಡ್ಡಿನಲ್ಲಿ ಗಿರಣಿಯ ಪಾಲನ್ನು ಮೊದಲು ತೆಗೆದಿಟ್ಟು, ಉಳಿದದ್ದಕ್ಕೆ ಯಂತ್ರ ನೋಡಲಿ. ಗಿರಣಿ ಕೊಳ್ಳಲು ಹೋಗುವಾಗ ತನ್ನ ಯಂತ್ರದ ಹಿಡಿಕೆ, ಬಟ್ಟಲು ಮತ್ತು ಕಾಲು ಕಿಲೊ ಬೀಜವನ್ನು ಚೀಲದಲ್ಲಿ ಒಯ್ಯಲಿ. ಅಂಥದೇ ಯಂತ್ರವಿರುವ ಅಂಗಡಿಯಲ್ಲಿ, ತನ್ನ ಬಟ್ಟಲಿಗೇ ಪುಡಿ ಬೀಸಿ ಹಾಕಿಸಿ, ಮೂರು ಸಲ ಎಣಿಸಿ ನೋಡಿದ ಮೇಲೆ ಹಣ ಕೊಡಲಿ.